ರಟ್ಟೆಯ ಕೊಬ್ಬು, ಕತ್ತರಿಯ ಕಲೆ

2013ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘ ಪತ್ರಿಕೆಗಳಿಗೆ ಒಂದು ಅಂಕಿ ಕೊಟ್ಟಿತು. ಹೆಂಗಸರ ರಟ್ಟೆಯಲ್ಲಿ ಜೋತುಬಿದ್ದ ಚರ್ಮವನ್ನು ಕತ್ತರಿಸಿ ಬಿಗಿ ಮಾಡುವ ಶಸ್ತ್ರಚಿಕಿತ್ಸೆ 2000ದಿಂದ 2012ರೊಳಗೆ ಶೇ 4,378ರಷ್ಟು ಏರಿದೆ ಎಂಬುದು ಅದರ ಸಾರ. ಮಿಶೆಲ್ ಒಬಾಮ ತೋಳಿಲ್ಲದ ಉಡುಪಿನಲ್ಲಿ ಅಧಿಕೃತ ಭಾವಚಿತ್ರಕ್ಕೆ ನಿಂತದ್ದು 2009ರಲ್ಲಿ. ಆಕೆಯ ತೋಳಿಗೂ ಈ ಏರಿಕೆಗೂ ಗಂಟು ಹಾಕಿ ಬರೆಯಲು ಯಾರಿಗೂ ಕಷ್ಟವಾಗಲಿಲ್ಲ. ಶೇಕಡಾವಾರು ಲೆಕ್ಕ ತಲೆಬರಹಕ್ಕೆ ಹೋಯಿತು, ಅದರ ಬುಡದ ಸಂಖ್ಯೆ ಕೊನೆಯ ಪ್ಯಾರಾಕ್ಕೆ ಬಿತ್ತು. 2000ದಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಇಡೀ ಅಮೆರಿಕದಲ್ಲಿ ಮುನ್ನೂರು ಚಿಲ್ಲರೆ ಮಂದಿ, 2012ರಲ್ಲಿ ಹದಿನೈದು ಸಾವಿರ ಚಿಲ್ಲರೆ. ಮೂವತ್ತು ಕೋಟಿ ಜನರಿರುವ ದೇಶಕ್ಕೆ ಇದೇನು ದೊಡ್ಡ ಸಂಖ್ಯೆಯಲ್ಲ. ಆದರೂ ಆ ತಲೆಬರಹ ಕಡಲು ದಾಟಿ ನಮ್ಮ ಬೆಂಗಳೂರಿನ ಕ್ಲಿನಿಕ್ಕುಗಳ ಜಾಹೀರಾತಿಗೂ ಬಂದು ಕೂತಿತು.

2025ರ ಕೊನೆಗೆ ನಿಂತು ಹಿಂದಿನ ಹದಿನೈದು ಹದಿನಾರು ವರ್ಷಗಳನ್ನು ಒಟ್ಟಿಗೆ ಹರವಿಕೊಂಡರೆ ಕಾಣುವುದು ಇಷ್ಟು: ವಿಧಾನಗಳು ಹೆಚ್ಚಿವೆ, ಅವುಗಳ ಹೆಸರುಗಳು ಅದಕ್ಕಿಂತ ಹೆಚ್ಚಿವೆ, ಮೂಲದ ಕೊಡು-ಕೊಳ್ಳು ಮಾತ್ರ ಇದ್ದಲ್ಲೇ ಇದೆ. ಜೋತ ಚರ್ಮ ಹೋಗಬೇಕಾದರೆ ಕಂಕುಳಿಂದ ಮೊಣಕೈವರೆಗೆ ಹೊಲಿಗೆಯ ಕಲೆ ಬರುತ್ತದೆ. ಕಲೆ ಬೇಡವೆಂದರೆ ಚರ್ಮ ಉಳಿಯುತ್ತದೆ. ಇವೆರಡರ ನಡುವೆ ಸುಲಭದ ಇನ್ನೊಂದು ದಾರಿ ಇದೆ ಎಂದು ಮಾರುವವರೇ ಈ ಅವಧಿಯಲ್ಲಿ ಚೆನ್ನಾಗಿ ಬೆಳೆದವರು.

ನಮ್ಮಲ್ಲಿ ರಟ್ಟೆಯ ಚಿಂತೆ ಮೊದಲು ಬಾಯಿಗೆ ಬರುವುದು ಲೇಡೀಸ್ ಟೈಲರ್ ಮುಂದೆ. ಮದುವೆ ಸೀಸನ್‌ಗೆ ಮುಂಚೆ ಆ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು. ಹಳೆಯ ರೇಷ್ಮೆ ರವಿಕೆಯ ತೋಳನ್ನು ಒಳಮಗ್ಗುಲಿಗೆ ತಿರುವಿ, ಒಳಗೆ ಬಿಟ್ಟ ಬಟ್ಟೆ ಎಷ್ಟಿದೆ ಎಂದು ಟೈಲರ್ ಬೆರಳಲ್ಲಿ ಒತ್ತಿ ನೋಡುತ್ತಾನೆ. ಒಂದು ಸಾಲು ಹೊಲಿಗೆ ಬಿಚ್ಚಿದರೆ ಅರ್ಧ ಇಂಚು, ಎರಡು ಸಾಲು ಬಿಚ್ಚಿದರೆ ಒಂದು ಇಂಚು. ಅದೂ ಮುಗಿದಿದ್ದರೆ ಕಂಕುಳಲ್ಲಿ ಬೇರೆ ತುಂಡು ಜೋಡಿಸಬೇಕು. “ಅಕ್ಕ, ಹೊಸದಕ್ಕೆ ಮುಕ್ಕಾಲು ಕೈ ಇಡಿಸಿಬಿಡಿ, ಏನೂ ಕಾಣಲ್ಲ” ಅನ್ನುತ್ತಾನೆ. ಅವನಿಗೆ ಅದು ವ್ಯಾಪಾರದ ಮಾತು, ಕೇಳಿಸಿಕೊಂಡವಳಿಗೆ ಬೇರೆ. ವಂಕಿ ತೊಟ್ಟ ತುಂಬು ತೋಳೇ ಲಕ್ಷಣ ಎನ್ನುತ್ತಿದ್ದ ಅಜ್ಜಿಯರ ಮೊಮ್ಮಕ್ಕಳು ಇಂದು ಫೋಟೊದಲ್ಲಿ ಅಂಚಿಗೆ ನಿಲ್ಲಬೇಕಾಗಿ ಬಂದರೆ ತೋಳನ್ನು ಪಕ್ಕದವರ ಹಿಂದೆ ಸರಿಸಿಕೊಳ್ಳುತ್ತಾರೆ. ಇದನ್ನು ಬರೀ ಷೋಕಿ ಎಂದು ತಳ್ಳಿಹಾಕುವುದು ಸುಲಭ. ನಲವತ್ತು ಕಿಲೊ ಇಳಿಸಿಕೊಂಡವರ ರಟ್ಟೆಯ ಚರ್ಮ ಬೇಸಿಗೆಯಲ್ಲಿ ಉಜ್ಜಿ ಹುಣ್ಣಾಗುವುದನ್ನು ಕಂಡವರು ಹಾಗನ್ನಲಾರರು.

ಇನ್ನು ವಿಧಾನಗಳ ಮಾತು. ಕೊಬ್ಬು ತೆಗೆಯುವ ಆಸೆ ಹಳೆಯದು. 1920ರ ದಶಕದಲ್ಲಿ ಫ್ರಾನ್ಸಿನ ಸರ್ಜನ್ ಶಾರ್ಲ್ ದುಜಾರಿಯೆ ಹೆಣ್ಣೊಬ್ಬಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋಗಿ ಕೊನೆಗೆ ಕಾಲನ್ನೇ ಕತ್ತರಿಸಬೇಕಾಯಿತು. ಆಮೇಲೆ ಬಹುಕಾಲ ಈ ಗೊಡವೆಗೆ ಹೋದವರು ಕಡಿಮೆ. 1970ರ ದಶಕದ ನಡುವಿನಲ್ಲಿ ರೋಮ್‌ನ ಫಿಶರ್ ತಂದೆ-ಮಗ ಕೊಳವೆ ತೂರಿಸಿ ಹೀರುವ ಉಪಾಯ ಮಾಡಿದರು, ಪ್ಯಾರಿಸ್‌ನ ಇಲೂಜ್ ಅದನ್ನು ಜಗತ್ತಿಗೆ ಹರಡಿದರು. ಲಿಪೊಸಕ್ಷನ್ ಎಂಬ ಈ ಉಪಾಯ ನಿಜವಾಗಿ ಸುರಕ್ಷತೆಯ ಕಡೆ ಹೊರಳಿದ್ದು ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದ ಮೇಲೆ. ಉಪ್ಪುನೀರಿಗೆ ಲಿಡೊಕೇನ್ ಮತ್ತು ಅಡ್ರಿನಲಿನ್ ಬೆರೆಸಿ ಕೊಬ್ಬಿನ ಪದರ ಬಿಗಿಯುವಷ್ಟು ತುಂಬಿದರೆ ನೋವು ಸಾಯುತ್ತದೆ, ರಕ್ತನಾಳ ಮುದುಡುತ್ತದೆ. ಅದಕ್ಕೆ ಮೊದಲು ಹೀರಿದ್ದರಲ್ಲಿ ರಕ್ತದ ಪಾಲೂ ಸಾಕಷ್ಟಿರುತ್ತಿತ್ತು. ಇಂದಿಗೂ ಎಲ್ಲ ಕ್ಲಿನಿಕ್ಕುಗಳೂ ನಿಂತಿರುವುದು ಈ ಒಂದು ಸುಧಾರಣೆಯ ಮೇಲೆ. ಅಲ್ಟ್ರಾಸೌಂಡ್, ಲೇಸರ್, ರೇಡಿಯೊ ಫ್ರೀಕ್ವೆನ್ಸಿ ಎಲ್ಲವೂ ಅದರ ಮೇಲಿನ ಒಗ್ಗರಣೆ.

ಆದರೆ ಲಿಪೊಸಕ್ಷನ್ ಕೊಬ್ಬನ್ನು ತೆಗೆಯುತ್ತದೆ, ಚರ್ಮವನ್ನು ತೆಗೆಯುವುದಿಲ್ಲ. ಮೂವತ್ತರ ಆಸುಪಾಸಿನವಳ ಬಿಗಿ ಚರ್ಮ ಒಳಗಿನ ಕೊಬ್ಬು ಇಳಿದಂತೆ ತಾನೂ ಕುಗ್ಗೀತು. ಐವತ್ತೈದರ, ಎರಡು ಸಲ ದಪ್ಪಗಾಗಿ ತೆಳ್ಳಗಾದ ರಟ್ಟೆ ಹಾಗಲ್ಲ, ಕೊಬ್ಬು ಹೀರಿದರೆ ಮೊದಲಿಗಿಂತ ಜಾಸ್ತಿ ಜೋಲುತ್ತದೆ. ಅದಕ್ಕೇ ಒಳ್ಳೆಯ ಸರ್ಜನ್ ಮೊದಲು ಕೈ ಚಾಚಿಸಿ, ಮೊಣಕೈ ಮಡಿಸಿಸಿ, ರಟ್ಟೆಯ ಕೆಳಭಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಾರೆ. ಚಿವುಟಿದಾಗ ದಪ್ಪವಾಗಿ ಸಿಕ್ಕರೆ ಕೊಬ್ಬು, ತೆಳ್ಳಗೆ ಉದ್ದಕ್ಕೆ ಬಂದರೆ ಚರ್ಮ. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ನೋಡಿಯೇ ಪ್ಯಾಕೇಜು ಹೇಳುವ ಕಡೆ ಈ ಬೆರಳಿನ ಪರೀಕ್ಷೆ ಇರುವುದಿಲ್ಲ.

ಚರ್ಮ ಕತ್ತರಿಸುವ ಬ್ರೇಕಿಯೋಪ್ಲಾಸ್ಟಿಗೂ ಇತಿಹಾಸವಿದೆ. ಸೌಂದರ್ಯಕ್ಕಾಗಿ ಅದನ್ನು ಮಾಡಿ ವಿವರಿಸಿದವರು 1954ರಲ್ಲಿ ಅರ್ಜೆಂಟೀನಾದ ಸರ್ಜನ್ನರು. 1995ರಲ್ಲಿ ಸರ್ಜನ್ ಟೆಡ್ ಲಾಕ್‌ವುಡ್, ಹೊಲಿಗೆಯ ಭಾರವನ್ನು ಚರ್ಮದ ಮೇಲೆ ಬಿಡದೆ ಅಡಿಯ ಗಟ್ಟಿ ಪೊರೆಗೆ ಹಾಕುವ ವಿಧಾನ ಹೇಳಿದ ಮೇಲೆ ಕಲೆ ಅಗಲವಾಗುವುದು, ಜಾರುವುದು ಕಡಿಮೆಯಾಯಿತು. ಇಲ್ಲವಾಗಲಿಲ್ಲ. ಕಲೆಯನ್ನು ರಟ್ಟೆಯ ಒಳಮೈಯಲ್ಲಿಡಬೇಕೋ ಹಿಂಬದಿಯಲ್ಲಿಡಬೇಕೋ ಎಂದು ಸರ್ಜನ್ನರು ಇನ್ನೂ ವಾದಿಸುತ್ತಲೇ ಇದ್ದಾರೆ. ಕಂಕುಳಲ್ಲೇ ಮುಗಿಯುವ ಚಿಕ್ಕ ಕಲೆಯ ವಿಧಾನವೂ ಇದೆ, ಅದು ಸ್ವಲ್ಪವೇ ಜೋತವರಿಗೆ ಮಾತ್ರ. ಕಲೆ ಕೆಂಪಾಗಿದ್ದು ತಣ್ಣಗಾಗಲು ವರ್ಷ ಹಿಡಿಯಬಹುದು. ನಮ್ಮ ಮೈಬಣ್ಣದವರಲ್ಲಿ ಅದು ಕಪ್ಪಾಗುವ, ಉಬ್ಬಿ ನಿಲ್ಲುವ ಸಂಭವ ಬಿಳಿಯರಿಗಿಂತ ಹೆಚ್ಚು. ಕಿವಿ ಚುಚ್ಚಿಸಿದ ಜಾಗದಲ್ಲಿ, ಸಿಡುಬಿನ ಲಸಿಕೆಯ ಜಾಗದಲ್ಲಿ ಗಂಟು ಕಟ್ಟಿದವರು ಇದನ್ನು ಮೊದಲೇ ಹೇಳಬೇಕು. ಮುಂಗೈಗೆ ಸ್ಪರ್ಶ ಕೊಡುವ ನರ ಕತ್ತರಿ ಓಡುವ ದಾರಿಯಲ್ಲೇ ಇದೆ. ಅದಕ್ಕೆ ಪೆಟ್ಟಾದರೆ ಮೊಣಕೈ ಕೆಳಗೆ ಮರಗಟ್ಟುತ್ತದೆ. ಸ್ತನ ಕ್ಯಾನ್ಸರಿಗೆ ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡವರಿಗೆ ಆ ಕೈ ಬಾತುಕೊಳ್ಳುವ ಅಪಾಯ ಬೇರೆ, ಅವರು ಸುಮ್ಮನಿರುವುದೇ ಲೇಸು.

ಕತ್ತರಿ ಬೇಡ, ಸೂಜಿ ಬೇಡ ಎಂಬ ದಾರಿಗೂ ಈ ಹದಿನೈದು ವರ್ಷಗಳಲ್ಲೇ ಬಲ ಬಂದದ್ದು. ಕೊಬ್ಬನ್ನು ಹೆಪ್ಪುಗಟ್ಟಿಸುವ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಸೊಂಟದ ಪಕ್ಕಕ್ಕೆ, 2016ರಲ್ಲಿ ರಟ್ಟೆಗೆ ಒಪ್ಪಿಗೆ ಕೊಟ್ಟಿತು. ಸ್ವಲ್ಪ ಕೊಬ್ಬಿರುವವರಿಗೆ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಅಪರೂಪಕ್ಕೆ ತದ್ವಿರುದ್ಧ ಆಗುವುದೂ ಉಂಟು, ಹೆಪ್ಪುಗಟ್ಟಿಸಿದ ಜಾಗದ ಕೊಬ್ಬು ಗಟ್ಟಿಯಾಗಿ ಬೆಳೆಯುತ್ತದೆ. ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತಮಗೆ ಹಾಗಾಯಿತೆಂದು 2021ರಲ್ಲಿ ಬಹಿರಂಗವಾಗಿ ಹೇಳಿ ಮೊಕದ್ದಮೆ ಹೂಡಿದಾಗಲೇ ಹೆಚ್ಚಿನವರಿಗೆ ಈ ವಿಷಯ ತಿಳಿದದ್ದು.

2025ರ ದೊಡ್ಡ ಬದಲಾವಣೆ ಮಾತ್ರ ಔಷಧದ ಅಂಗಡಿಯಿಂದ ಬಂತು. ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೊವಿ ಎಂಬ ತೂಕ ಇಳಿಸುವ ಸೂಜಿಮದ್ದುಗಳು ಭಾರತಕ್ಕೆ ಬಂದವು. ಪ್ರಯೋಗಗಳಲ್ಲಿ ಇವು ಒಂದೂಕಾಲು ಒಂದೂವರೆ ವರ್ಷದಲ್ಲಿ ಮೈತೂಕದ ಶೇ 15ರಿಂದ 20ರಷ್ಟನ್ನು ಇಳಿಸಿವೆ. ತೊಂಬತ್ತು ಕಿಲೊದವರಿಗೆ ಇದು ಹದಿಮೂರೂವರೆಯಿಂದ ಹದಿನೆಂಟು ಕಿಲೊ, ಅದರಲ್ಲಿ ಸ್ನಾಯುವಿನ ಪಾಲೂ ಇದೆ. ಇಷ್ಟು ಬೇಗ ಒಳಗಿನದು ಕರಗಿದಾಗ ಚರ್ಮ ಹಿಂದೆ ಉಳಿಯುತ್ತದೆ, ಅದು ಎದ್ದು ಕಾಣುವ ಜಾಗಗಳಲ್ಲಿ ರಟ್ಟೆಯೂ ಒಂದು. ಮುಂದಿನ ವರ್ಷಗಳಲ್ಲಿ ಲಿಪೊಸಕ್ಷನ್‌ಗಿಂತ ಚರ್ಮ ಕತ್ತರಿಸುವ ಕೆಲಸವೇ ಹೆಚ್ಚೀತು ಎಂಬುದು ನಮ್ಮ ಅಂದಾಜು. ಹಾಗೆ ಹೋಗುವವರು ತೂಕ ಕನಿಷ್ಠ ಆರು ತಿಂಗಳು ಒಂದೇ ಕಡೆ ನಿಂತ ಮೇಲೆ ಹೋಗಬೇಕು. ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಆದವರು ವರ್ಷ, ಒಂದೂವರೆ ವರ್ಷ ಕಾಯಬೇಕು. ಸೂಜಿ ನಿಲ್ಲಿಸಿದರೆ ತೂಕ ಮರಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈ ಸಿಂಹಾವಲೋಕನದಲ್ಲಿ ದಾಟಿ ಹೋಗಲಾಗದ ಒಂದು ತಿಂಗಳಿದೆ, 2022ರ ಮೇ. ಬೆಂಗಳೂರಿನ ಖಾಸಗಿ ಕ್ಲಿನಿಕ್ಕಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಇಪ್ಪತ್ತೊಂದರ ಕನ್ನಡ ಕಿರುತೆರೆ ನಟಿ ಮನೆಗೆ ಮರಳಲಿಲ್ಲ. ಕೆಲವು ದಿನ ಟಿವಿಯಲ್ಲಿ ಚರ್ಚೆ ನಡೆಯಿತು. ಅದರಲ್ಲಿ ಅರ್ಧ ಪಾಲು ಆ ಹುಡುಗಿಗೆ ಅದೆಲ್ಲ ಯಾಕೆ ಬೇಕಿತ್ತು ಎಂಬುದೇ ಆಗಿತ್ತು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಶಸ್ತ್ರಚಿಕಿತ್ಸೆ ಮಾಡುವ ಜಾಗದಲ್ಲಿ ಅರಿವಳಿಕೆ ತಜ್ಞರು, ಐಸಿಯು, ರಕ್ತದ ವ್ಯವಸ್ಥೆ ಇರಬೇಕು ಎಂಬುದನ್ನು ಹೋಗಿ ನೋಡುವವರು ಯಾರು? ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ರಾಜ್ಯದಲ್ಲಿ 2007ರಿಂದಲೇ ಇದೆ. ಜಾಹೀರಾತು ಕೊಟ್ಟು ರೋಗಿಗಳನ್ನು ಕರೆಯಬಾರದೆಂಬ ವೈದ್ಯರ ನಡವಳಿಕೆಯ ನಿಯಮ 2002ರದು. ಇನ್‌ಸ್ಟಾಗ್ರಾಂ ತೆರೆದರೆ ಆ ನಿಯಮದ ಗತಿ ಗೊತ್ತಾಗುತ್ತದೆ. ಎಂಬಿಬಿಎಸ್, ಎಂಎಸ್ ಆದ ಮೇಲೆ ಮೂರು ವರ್ಷ ಓದಿ ಎಂಸಿಎಚ್ ಮಾಡಿದ ಪ್ಲಾಸ್ಟಿಕ್ ಸರ್ಜನ್ ಬೇರೆ, ಕೆಲವೇ ವಾರಗಳ ಕಾಸ್ಮೆಟಾಲಜಿ ಸರ್ಟಿಫಿಕೇಟು ಬೇರೆ. ಫಲಕದ ಮೇಲೆ ಎರಡೂ ಒಂದೇ ಅಳತೆಯ ಅಕ್ಷರದಲ್ಲಿರುತ್ತವೆ. ಈ ವಿಷಯದಲ್ಲಿ ಸರ್ಕಾರ ತನ್ನ ಕೆಲಸ ಮಾಡಿಲ್ಲ ಎಂದೇ ನಮ್ಮ ತೀರ್ಮಾನ.

ದುಡ್ಡಿನ ವಿಷಯ ಚುಟುಕಾಗಿ. ಬರೀ ಸೌಂದರ್ಯಕ್ಕಾಗಿ ಮಾಡಿಸಿದರೆ ವಿಮೆ ಕೊಡುವುದಿಲ್ಲ, ಮೇಲೆ ಶೇ 18 ಜಿಎಸ್‌ಟಿ ಇದೆ. ಲಕ್ಷದ ಬಿಲ್ಲಿಗೆ ಹದಿನೆಂಟು ಸಾವಿರ ಸೇರಿಸಿಕೊಳ್ಳಿ. ಬಡ್ಡಿಯಿಲ್ಲದ ಇಎಂಐ ಎಂದು ಕ್ಲಿನಿಕ್ಕಿನವರೇ ಅರ್ಜಿ ತುಂಬಿಸಲು ಕೂತರೆ, ಅವಸರ ಯಾರದ್ದೆಂದು ಯೋಚಿಸಿ.

ಇಷ್ಟೆಲ್ಲ ತಿಳಿದ ಮೇಲೂ ಮಾಡಿಸಿಕೊಳ್ಳುವುದು ನಿಮ್ಮ ಹಕ್ಕು. ಸರಿಯಾದ ಕೈಯಲ್ಲಿ ಆದವರು ಹೆಚ್ಚಾಗಿ ತೃಪ್ತರಾಗಿಯೇ ಇರುತ್ತಾರೆ. ಸಹಿ ಹಾಕುವ ಮುಂಚೆ ಕ್ಲಿನಿಕ್ಕಿನ ನೋಂದಣಿ ಯಾವ ದರ್ಜೆಯದು ಎಂದು ಕೇಳಿ, ಅರಿವಳಿಕೆ ಕೊಡುವವರ ಹೆಸರು ಬರೆಸಿಕೊಳ್ಳಿ. ಆ ಸರ್ಜನ್ನೇ ಮಾಡಿದ, ವರ್ಷ ಕಳೆದ, ರೋಗಿ ಕೈ ಮೇಲೆತ್ತಿ ನಿಂತಿರುವ ಫೋಟೊ ತೋರಿಸಲು ಹೇಳಿ. ಕೈ ಇಳಿಬಿಟ್ಟ ಫೋಟೊದಲ್ಲಿ ಕಲೆ ಕಾಣುವುದಿಲ್ಲ. ತೋರಿಸಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.