ಬಂಡೂರು ಕುರಿಯ ಬೆನ್ನು ಒತ್ತಿ ನೋಡುವವರು ಮನೆಯ ಗೋಡೆ ಯಾಕೆ ತಟ್ಟಿ ನೋಡುವುದಿಲ್ಲ?

ಮಳವಳ್ಳಿ ಕಡೆ ಬಂಡೂರು ಕುರಿ ಕೊಳ್ಳಲು ಬಂದವರನ್ನು ನೋಡಿದ್ದೀರಾ? ಬೆನ್ನಿನ ಮೇಲೆ ಅಂಗೈ ಇಟ್ಟು ಒತ್ತುತ್ತಾರೆ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಕಾಲೆತ್ತಿ ಗೊರಸು ನೋಡುತ್ತಾರೆ. ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿ ಬಣ್ಣ, ಗಟ್ಟಿತನ ನೋಡದೆ ಯಾರೂ ದರ ಕೂಗುವುದಿಲ್ಲ. ಹಳ್ಳಿಕಾರ್ ಎತ್ತಿನ ಜೋಡಿಯಾದರಂತೂ ಸುಳಿಯಿಂದ ಹಿಡಿದು ನಡಿಗೆಯವರೆಗೆ ಅರ್ಧ ದಿನದ ತಪಾಸಣೆ. ಇಂಥ ಜನ ನಾವು, ಮೂವತ್ತು ನಲವತ್ತು ಲಕ್ಷದ ಮನೆ ಕೊಳ್ಳುವಾಗ ಏನು ಮಾಡುತ್ತೇವೆ? ಹಾಲ್‌ನಲ್ಲಿ ಕೂತು ಕಾಫಿ ಕುಡಿದು, ‘ಟೈಲ್ಸ್ ಚೆನ್ನಾಗಿ ಹಾಕ್ಸಿದ್ದೀರಾ ಬಿಡಿ’ ಅಂದು, ಅಡ್ವಾನ್ಸ್ ಎಣಿಸಿ ಕೊಟ್ಟು ಬರುತ್ತೇವೆ.

ತಪಾಸಣೆಯೇ ನಡೆಯುವುದಿಲ್ಲ ಅಂತಲ್ಲ. ನಡೆಯುವುದೆಲ್ಲ ಕಾಗದದ ತಪಾಸಣೆ. ಲಾಯರ್ ಮೂಲಪತ್ರ, ಇಸಿ ನೋಡುತ್ತಾರೆ. ಪಂಚಾಯಿತಿಯವರು ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಸರಿಯಿದೆಯಾ ನೋಡುತ್ತಾರೆ. ಸಾಲ ಇದ್ದರೆ ಬ್ಯಾಂಕಿನ ಪ್ಯಾನಲ್ ಇಂಜಿನಿಯರ್ ಬಂದು ಅಳತೆ ಹಿಡಿದು, ನಾಲ್ಕು ಫೋಟೊ ತೆಗೆದು, ಮಾರುಕಟ್ಟೆ ಬೆಲೆ ಬರೆದು ಹೋಗುತ್ತಾರೆ. ಅವರು ಬರುವುದು ನಿಮ್ಮ ಪರವಾಗಿ ಅಂದುಕೊಂಡವರು ತುಂಬಾ ಜನ. ಅಲ್ಲ. ನೀವು ಕಂತು ಕಟ್ಟದೆ ಹೋದರೆ ಆ ಆಸ್ತಿ ಮಾರಿ ಸಾಲ ವಾಪಸ್ ಬರುತ್ತದಾ ಅನ್ನುವುದು ಅವರ ಪ್ರಶ್ನೆ. ಮಳೆಗಾಲದಲ್ಲಿ ಬೆಡ್‌ರೂಮ್ ಸೋರುತ್ತದಾ ಅನ್ನುವುದಲ್ಲ.

ಇನ್ನೊಬ್ಬರಿದ್ದಾರೆ, ವಾಸ್ತು ನೋಡುವವರು. ಅವರಿಗೆ ಮಾತ್ರ ನಾವು ಚೌಕಾಸಿ ಮಾಡದೆ ದುಡ್ಡು ಕೊಡುತ್ತೇವೆ. ಅವರು ಹೇಳಿದರೆ ಅಡುಗೆಮನೆ ಒಡೆಸುತ್ತೇವೆ, ಬಾಗಿಲು ಮುಚ್ಚಿಸುತ್ತೇವೆ. ಭಾರ ಹೊತ್ತ ಗೋಡೆ ಒಡೆಯುತ್ತಿದ್ದೀವಾ ಅಂತ ಕೇಳುವುದಿಲ್ಲ. ನಂಬಿಕೆ ನಿಮ್ಮದು, ನನ್ನ ತಕರಾರಿಲ್ಲ. ಆದರೆ ಈಶಾನ್ಯದಲ್ಲಿ ಸಂಪು ಇದೆಯಾ ಅಂತ ನೋಡಲು ಒಬ್ಬರನ್ನು ಕರೆಸುವವರು, ಆ ಸಂಪಿನ ನೀರು ಪಾಯಕ್ಕೆ ಇಳಿಯುತ್ತಿದೆಯಾ ಅಂತ ನೋಡಲು ಇನ್ನೊಬ್ಬರನ್ನು ಕರೆಸಿದರೆ ಏನು ಕಳೆದುಕೊಳ್ಳುತ್ತೀರಿ?

ಬಡವರ ಮನೆಯ ಕಥೆ ಇದಕ್ಕಿಂತ ವಿಚಿತ್ರ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ನಮ್ಮ ಕಡೆ ಮನೆಗೆ ಸಿಗುವ ಸಹಾಯಧನ 1.20 ಲಕ್ಷ ರೂಪಾಯಿ, ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಕಂತು ಬಿಡುಗಡೆಗೆ ಹಂತಹಂತವಾಗಿ ಜಿಪಿಎಸ್ ಫೋಟೊ ಬೇಕು. ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳಿಗೂ ಇದೇ ದಾರಿ: ತಳಪಾಯ, ಗೋಡೆ, ಛಾವಣಿ, ಮುಕ್ತಾಯ. ಬೋಗಸ್ ಬಿಲ್ ತಡೆಯಲು ಇದು ಒಳ್ಳೆಯದೇ. ಆದರೆ ಫೋಟೊ ಹೇಳುವುದು ಗೋಡೆ ಎದ್ದಿದೆ ಅಂತ ಮಾತ್ರ. ಗಾರೆಯಲ್ಲಿ ಸಿಮೆಂಟು ಎಷ್ಟಿದೆ, ಪಾಯ ಗಟ್ಟಿ ನೆಲ ಮುಟ್ಟಿದೆಯಾ, ಮೋಲ್ಡ್ ಹಾಕಿದ ಮೇಲೆ ಎಷ್ಟು ದಿನ ನೀರು ಕಟ್ಟಿದರು, ಇದ್ಯಾವುದೂ ಫೋಟೊದಲ್ಲಿ ಬೀಳುವುದಿಲ್ಲ. ಸರ್ಕಾರಕ್ಕೆ ಆ ಮನೆಯ ಅಕ್ಷಾಂಶ ರೇಖಾಂಶ ಗೊತ್ತು, ಅದು ನಿಲ್ಲುತ್ತದಾ ಅಂತ ಗೊತ್ತಿಲ್ಲ.

ಹಾಗಾದರೆ ಸರ್ಕಾರದ ಇಂಜಿನಿಯರ್ ಗೋಡೆಯನ್ನು ಗೋಡೆ ಅಂತ ನೋಡುವುದು ಯಾವಾಗ? ಬಿದ್ದ ಮೇಲೆ. 2019ರ ನೆರೆಯಲ್ಲೂ 2022ರ ಮಳೆಯಲ್ಲೂ ರಾಜ್ಯದಲ್ಲಿ ಮನೆ ಕಳೆದುಕೊಂಡವರನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಹಾನಿಯಾದರೆ ಎ. ಅದಕ್ಕಿಂತ ಕಡಿಮೆಯಾದರೆ ಬಿ, ಇನ್ನೂ ಕಡಿಮೆಯಾದರೆ ಸಿ. ಎ ಬಂದವರಿಗೆ ಐದು ಲಕ್ಷ, ಸಿ ಬಂದವರಿಗೆ ಐವತ್ತು ಸಾವಿರ. ಆಗ ನೋಡಿ, ಎಷ್ಟು ಶ್ರದ್ಧೆಯಿಂದ ಗೋಡೆ ಅಳೆಯುತ್ತಾರೆ! ಶೇಕಡಾವಾರು ಲೆಕ್ಕ ಹಾಕುತ್ತಾರೆ, ಬಿರುಕಿನ ಫೋಟೊ ತೆಗೆಯುತ್ತಾರೆ. ಆ ಬಿರುಕು ಮೂರು ವರ್ಷದಿಂದ ಅಲ್ಲೇ ಇತ್ತು. ಆಗ ಬಂದು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಸರಿ, ನೋಡುವುದಾದರೆ ಏನು ನೋಡಬೇಕು? ಮನೆ ತಪಾಸಣೆ ಅನ್ನುವುದು ಬೇರೆ ದೇಶಗಳಲ್ಲಿ ಒಂದು ವೃತ್ತಿ. ಅಮೆರಿಕದಲ್ಲಿ 1976ರಲ್ಲೇ ಮನೆ ತಪಾಸಕರು ಸಂಘ ಕಟ್ಟಿ, ಏನೇನು ನೋಡಲೇಬೇಕು ಅಂತ ಪಟ್ಟಿ ಮಾಡಿಕೊಂಡರು: ಪಾಯ, ಗೋಡೆ, ಛಾವಣಿ, ನೀರು, ಕರೆಂಟು, ಕಿಟಕಿ ಬಾಗಿಲು ಹೀಗೆ. ಏನನ್ನೂ ಒಡೆಯದೆ ಕಣ್ಣು, ಕೈ, ಸಣ್ಣಪುಟ್ಟ ಉಪಕರಣದಿಂದ ನೋಡಿ ಲಿಖಿತ ವರದಿ ಕೊಡುವುದು. ಆ ಪಟ್ಟಿಯನ್ನು ಹಾಗೇ ತಂದು ನಮ್ಮೂರಿಗೆ ಅಂಟಿಸಿದರೆ ಪ್ರಯೋಜನವಿಲ್ಲ. ಅಲ್ಲಿ ರೂಮ್ ಹೀಟರ್ ಬಗ್ಗೆ ಪುಟಗಟ್ಟಲೆ ಇರುತ್ತದೆ, ನಾಲೆಯ ಬಗ್ಗೆ ಒಂದು ಸಾಲಿರುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಮನೆಯ ಮೊದಲ ಶತ್ರು ನೀರು, ಅದೂ ಕೆಳಗಿನಿಂದ ಬರುವ ನೀರು. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ನಮ್ಮ ನೆಲ ಹಸಿರಾಯಿತು ನಿಜ, ಹಾಗೇ ತಗ್ಗಿನಲ್ಲಿ ಜೌಗು, ಚೌಳು ಕೂಡ ಬಂತು. ಚೌಳು ಗದ್ದೆಯಲ್ಲಷ್ಟೇ ಇರುವುದಿಲ್ಲ. ಇಟ್ಟಿಗೆ ತೇವ ಹೀರಿಕೊಂಡು ಮೇಲೇರುತ್ತದೆ, ನೀರು ಆರಿದಾಗ ಉಪ್ಪು ಗೋಡೆಯಲ್ಲೇ ಉಳಿಯುತ್ತದೆ. ನೆಲದಿಂದ ಒಂದೆರಡು ಅಡಿ ಎತ್ತರಕ್ಕೆ ಬಿಳಿ ಪುಡಿ, ಉದುರುವ ಗಾರೆ, ಉಬ್ಬಿದ ಬಣ್ಣ ಕಂಡರೆ ಪಾಯದ ಮೇಲೆ ತೇವ ತಡೆಯುವ ಪದರ ಹಾಕಿಲ್ಲ, ಅಥವಾ ಹಾಕಿದ್ದು ಕೆಲಸ ಮಾಡುತ್ತಿಲ್ಲ ಅಂತ ಅನುಮಾನಿಸಬೇಕು. ಮಾರುವವರಿಗೂ ಇದು ಗೊತ್ತು. ಅದಕ್ಕೇ ಬೇಸಿಗೆಯಲ್ಲಿ, ನಾಲೆ ನಿಂತಿರುವಾಗ, ಹೊಸ ಪುಟ್ಟಿ ಹೊಡೆಸಿ ಮನೆ ತೋರಿಸುತ್ತಾರೆ. ನಾಲೆಗೆ ನೀರು ಬಿಟ್ಟು ಸುತ್ತ ಗದ್ದೆ ನಾಟಿಯಾದ ಮೇಲೆ ಅದೇ ಗೋಡೆಗೆ ಕೈ ಇಟ್ಟು ನೋಡಿ. ಕಾಯಲು ಆಗದಿದ್ದರೆ ಪಕ್ಕದ ಮನೆಯ ಹಳೇ ಗೋಡೆ ನೋಡಿ, ಅದಕ್ಕೆ ಯಾರೂ ಪುಟ್ಟಿ ಹೊಡೆಸಿರುವುದಿಲ್ಲ.

ಎರಡನೆಯದು ಗದ್ದೆ ತುಂಬಿಸಿದ ಸೈಟು. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ ರಸ್ತೆಯ ಎರಡೂ ಬದಿ ಬಡಾವಣೆಯ ಕಮಾನುಗಳು ಎದ್ದಿದ್ದವು. ನಿನ್ನೆ ಭತ್ತ ಬೆಳೆದ ತಗ್ಗಿಗೆ ಟಿಪ್ಪರ್‌ಗಟ್ಟಲೆ ಮಣ್ಣು ಸುರಿದು ಇವತ್ತು ಸೈಟು. ತುಂಬಿದ ಮಣ್ಣನ್ನು ದಾಟಿ ಪಾಯ ಹಳೇ ಗಟ್ಟಿ ನೆಲಕ್ಕೆ ಇಳಿಯದಿದ್ದರೆ ಮನೆ ಒಂದು ಕಡೆ ಕೂರುತ್ತದೆ. ಅದು ಬಿರುಕಿನಲ್ಲಿ ಗೊತ್ತಾಗುತ್ತದೆ. ಎಲ್ಲಾ ಬಿರುಕಿಗೂ ಹೆದರಬೇಕಿಲ್ಲ. ಗಾರೆಯ ಮೇಲಿನ ಕೂದಲೆಳೆಯ ಗೆರೆಗಳು ಸಾಮಾನ್ಯ. ಛಾವಣಿ ಮತ್ತು ಗೋಡೆ ಸೇರುವಲ್ಲಿ ಅಡ್ಡ ಬಿರುಕು ಬಹುತೇಕ ಬಿಸಿಲಿನ ಹಿಗ್ಗು ಕುಗ್ಗಿನದು. ಕಿಟಕಿಯ ಮೂಲೆಯಿಂದ ಓರೆಯಾಗಿ ಏಳುವ ಬಿರುಕು, ಇಟ್ಟಿಗೆ ಸಾಲಿನ ಜೊತೆ ಮೆಟ್ಟಿಲಿನಂತೆ ಹತ್ತುವ ಬಿರುಕು, ಒಂದು ತುದಿಯಲ್ಲಿ ಸಣ್ಣ ಇನ್ನೊಂದು ತುದಿಯಲ್ಲಿ ಅಗಲವಾಗಿರುವ ಬಿರುಕು, ಇವು ಪಾಯದ ಮಾತು. ಬಿರುಕಿಗೆ ಅಡ್ಡಲಾಗಿ ಒಂದು ತುಂಡು ಗಾಜು ಅಂಟಿಸಿ ದಿನಾಂಕ ಬರೆದಿಡುವುದು ಹಳೇ ಇಂಜಿನಿಯರ್‌ಗಳ ಉಪಾಯ. ಗಾಜು ಒಡೆದರೆ ಮನೆ ಇನ್ನೂ ಸರಿಯುತ್ತಿದೆ.

ಮೇಲೆ ಹೋಗೋಣ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಛಾವಣಿಯ ಕಬ್ಬಿಣಕ್ಕೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಬೇಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಿಗೆ 10 ದಿನ ಒದ್ದೆಯಾಗಿಡಬೇಕು. ಇದು ತಪ್ಪಿದ ಛಾವಣಿಯಲ್ಲಿ ಕೆಲ ವರ್ಷಕ್ಕೆ ತುಕ್ಕಿನ ಕಲೆ, ಆಮೇಲೆ ಉದುರುವ ಚಕ್ಕೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಸಜ್ಜಾ, ಬಾಲ್ಕನಿಗಳಲ್ಲಿ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟು ಹಾಕುವಾಗ ಆಳುಗಳು ಅದನ್ನೇ ತುಳಿದು ಓಡಾಡಿ ಕೆಳಗೆ ಕೂರಿಸಿಬಿಡುತ್ತಾರೆ. ಸಜ್ಜಾದ ಬುಡದಲ್ಲಿ, ಮೇಲ್ಗಡೆ ಗೋಡೆಯುದ್ದಕ್ಕೂ ಬಿರುಕಿದ್ದರೆ ಅದರ ಕೆಳಗೆ ನಿಲ್ಲಬೇಡಿ. ಹಳ್ಳಿಯೊಳಗೆ ಇನ್ನೊಂದು ಅಪಾಯವಿದೆ. ಹಳೇ ಹೆಂಚು ಇಳಿಸಿ, ಅದೇ ಮಣ್ಣಿನ ಗೋಡೆಯ ಮೇಲೆ ಆರ್‌ಸಿಸಿ ಕೂರಿಸುವುದು. ಹೊರಗೆ ಸಿಮೆಂಟ್ ಗಾರೆ ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮಣ್ಣು ಮಾತ್ರ ಒಳಗೇ ತೇವ ಹಿಡಿದುಕೊಂಡು ಕರಗುತ್ತಿರುತ್ತದೆ. ಗೋಡೆಯ ದಪ್ಪ ಅಳೆಯಿರಿ. ಒಂದೂವರೆ ಅಡಿ ಇದ್ದರೆ ಕೇಳಿ, ಒಳಗೇನಿದೆ ಅಂತ.

ಕರೆಂಟಿನದು ಚಿಕ್ಕ ಪರೀಕ್ಷೆ, ಪ್ರಾಣದ ವಿಷಯ. ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯಾ, ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದಾ, ಅರ್ಥಿಂಗ್ ವೈರ್ ಗುಂಡಿಯವರೆಗೆ ನಿಜವಾಗಿ ಹೋಗಿದೆಯಾ? ಗೀಸರ್ ಪಾಯಿಂಟಿಗೆ ತೆಳು ವೈರ್ ಎಳೆದಿದ್ದಾರಾ? ಕಿಟಕಿ ದಾರಂದಕ್ಕೆ ಸ್ಕ್ರೂಡ್ರೈವರ್ ಚುಚ್ಚಿ, ಸಲೀಸಾಗಿ ಇಳಿದರೆ ಗೆದ್ದಲು. ಪಿಟ್ಟು ಬೋರ್‌ವೆಲ್ಲಿಗೆ ಎಷ್ಟು ದೂರ ಅಂತ ಹೆಜ್ಜೆ ಹಾಕಿ ನೋಡಿ. ತಾರಸಿಗೆ ಕಟ್ಟೆ ಕಟ್ಟಿ ಒಂದು ದಿನ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿ.

ಇದಕ್ಕೆ ಬರುವ ಉತ್ತರವೂ ಗೊತ್ತು: ‘ನಮ್ಮ ಮೇಸ್ತ್ರಿ ಮೂವತ್ತು ವರ್ಷದವರು, ಅವರಿಗಿಂತ ಇಂಜಿನಿಯರ್‌ಗೆ ಗೊತ್ತಾ?’ ಗೊತ್ತಿಲ್ಲದೆಯೂ ಇರಬಹುದು. ಒಳ್ಳೆಯ ಮೇಸ್ತ್ರಿಯ ಕಣ್ಣಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಕಟ್ಟಿದವರೇ ಸರಿಯಿದೆ ಅಂದರೆ ಅದು ತಪಾಸಣೆಯಲ್ಲ, ಅಭಿಪ್ರಾಯ. ತಪಾಸಣೆ ಮಾಡುವವರಿಗೆ ಮನೆ ಮಾರಿದರೂ ಬಿಟ್ಟರೂ, ರಿಪೇರಿ ಆದರೂ ಬಿಟ್ಟರೂ ಒಂದೇ ಆಗಿರಬೇಕು. ಬೇರೆ ಮೇಸ್ತ್ರಿಯೇ ಬರಲಿ, ತಕರಾರಿಲ್ಲ, ನೋಡಿದ್ದನ್ನು ಬರೆದು ಸಹಿ ಹಾಕಲಿ. ಅಲ್ಲಿಗೆ ನಮ್ಮಲ್ಲಿ ಎಲ್ಲರ ಬಾಯಿ ಕಟ್ಟುತ್ತದೆ. ಬಾಯಲ್ಲಿ ‘ಸೂಪರಾಗಿದೆ’ ಅನ್ನುವವರು ಪೆನ್ನು ಕೊಟ್ಟರೆ ಹಿಂದೆ ಸರಿಯುತ್ತಾರೆ.

ಈ ವೃತ್ತಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲ, ಕಡ್ಡಾಯವೂ ಇಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಫ್ಲ್ಯಾಟ್‌ಗಳಿಗೆ ತಪಾಸಣೆ ಮಾಡುವ ಕಂಪನಿಗಳು ಹುಟ್ಟಿಕೊಂಡಿದ್ದರೂ ಎಲ್ಲರ ಕೆಲಸ ಒಂದೇ ಮಟ್ಟದ್ದಲ್ಲ. ಕಾನೂನಿನ ಆಸರೆಯೂ ಅವರ ಕಡೆಗೇ ಹೆಚ್ಚು. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮನೆ ಕೊಟ್ಟ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಆದರೆ ಅದು ನೋಂದಣಿಯಾಗುವ ದೊಡ್ಡ ಯೋಜನೆಗಳಿಗೆ. ಒಂದು ಸೈಟಿನಲ್ಲಿ ಕಂಟ್ರಾಕ್ಟರ್ ಕೈಲಿ ಮನೆ ಕಟ್ಟಿಸಿದ ಮಳವಳ್ಳಿಯ ರೈತರಿಗೆ ಅದು ತಲುಪುವುದಿಲ್ಲ. ಅವರಿಗೆ ಉಳಿದದ್ದು ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯೇ. ಎರಡು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿ ಮೊದಲು ಕೇಳುವುದು ದಾಖಲೆ, ಯಾವ ದಿನ ಯಾವ ಗೋಡೆ ಹೇಗಿತ್ತು ಅನ್ನುವ ದಾಖಲೆ. ಅದು ನಮ್ಮ ಹತ್ತಿರ ಇರುವುದಿಲ್ಲ.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸ್ವಾಧೀನ ಪ್ರಮಾಣಪತ್ರವಿಲ್ಲದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂದಿತು. ರಾಜ್ಯದ ತುಂಬ ಮೀಟರ್ ಸಿಗದೆ ಜನ ಒದ್ದಾಡಿದರು, 2025ರಲ್ಲಿ ಸರ್ಕಾರ 1,200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ವಿನಾಯಿತಿ ತಂದಿತು. ಜನರಿಗೆ ಕರೆಂಟು ಸಿಗಲೇಬೇಕಿತ್ತು, ವಿನಾಯಿತಿ ಸರಿ. ನನ್ನ ಸಿಟ್ಟು ಬೇರೆ. ಇಷ್ಟು ತಿಂಗಳ ಗದ್ದಲದಲ್ಲಿ ಸೆಟ್‌ಬ್ಯಾಕ್ ಎಷ್ಟು, ಮಹಡಿ ಎಷ್ಟು, ನಕ್ಷೆ ಮೀರಿದೆಯಾ ಅನ್ನುವುದೇ ಚರ್ಚೆ. ಆ ಸಣ್ಣ ಮನೆಯ ಪಾಯ, ಸಜ್ಜಾ, ಅರ್ಥಿಂಗ್ ನೋಡುವವರು ಯಾರು ಅನ್ನುವುದು ಆ ಗದ್ದಲದ ವಿಷಯವೇ ಆಗಲಿಲ್ಲ.

ದೊಡ್ಡ ಕಾನೂನು ಬರುವವರೆಗೆ ಕಾಯುವುದು ಬೇಡ. ಮಂಡ್ಯದಲ್ಲಿ 1962ರಿಂದ ಪಿಇಎಸ್ ಇಂಜಿನಿಯರಿಂಗ್ ಕಾಲೇಜಿದೆ. ಸಿವಿಲ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ಹೆಸರಲ್ಲಿ ಯಾವುದೋ ಸಾಫ್ಟ್‌ವೇರ್‌ನಲ್ಲಿ ಹತ್ತು ಮಹಡಿ ಡಿಸೈನ್ ಮಾಡುವ ಬದಲು, ಒಬ್ಬ ಪ್ರಾಧ್ಯಾಪಕರ ಸಹಿಯಡಿ ವರ್ಷಕ್ಕೆ ಒಂದು ಊರಿನ ಮನೆಗಳನ್ನು ತಟ್ಟಿ ನೋಡಲಿ. ಗ್ರಾಮ ಪಂಚಾಯಿತಿಗಳು ಲೈಸೆನ್ಸ್ ಕೊಡುತ್ತವಲ್ಲ, ಅದರ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ಪಾಯಕ್ಕೆ ಮಣ್ಣು ಮುಚ್ಚುವ ಮುಂಚೆ ಒಂದು ಸಲ, ಕಾಂಕ್ರೀಟು ಹಾಕುವ ಮುಂಚೆ ಕಬ್ಬಿಣ ಕಣ್ಣಿಗೆ ಕಾಣುವಾಗ ಇನ್ನೊಂದು ಸಲ ಇಂಜಿನಿಯರ್ ಬಂದು ನೋಡಿ ಆ ಹಾಳೆಗೆ ಸಹಿ ಹಾಕಲಿ. ಹಾಳೆ ಕಚೇರಿಯ ಫೈಲಿಗೆ ಹೋಗಬಾರದು, ಮನೆ ಯಜಮಾನಿಯ ಟ್ರಂಕಿನಲ್ಲಿರಬೇಕು. ವಸತಿ ಯೋಜನೆಯ ಮನೆಗಂತೂ ಇದು ಇನ್ನೂ ಸುಲಭ, ಫೋಟೊಗೆ ಹೇಗೂ ಬರುತ್ತಾರಲ್ಲ.

ಕೊಳ್ಳುವವರ ಕೈಯಲ್ಲಂತೂ ಇವತ್ತೇ ಒಂದು ಅಸ್ತ್ರವಿದೆ, ಕ್ರಯದ ಕರಾರು. ಅದರಲ್ಲಿ ಒಂದು ಷರತ್ತು ಸೇರಿಸಿ: ಹದಿನೈದು ದಿನದೊಳಗೆ ನಮ್ಮ ಕಡೆಯ ಇಂಜಿನಿಯರ್ ಮನೆ ನೋಡಿ ವರದಿ ಕೊಡುತ್ತಾರೆ, ಪಾಯದಲ್ಲೋ ಛಾವಣಿಯಲ್ಲೋ ದೊಡ್ಡ ದೋಷ ಕಂಡರೆ ಅಡ್ವಾನ್ಸ್ ಪೂರ್ತಿ ವಾಪಸ್. ಬ್ರೋಕರ್‌ಗಳು ‘ನಮ್ಮ ಕಡೆ ಇಂಥದ್ದೆಲ್ಲ ಇಲ್ಲ ಸ್ವಾಮಿ’ ಅನ್ನುತ್ತಾರೆ. ಮಾರುವವರು ಒಪ್ಪುತ್ತಾರಾ ಇಲ್ಲವಾ, ಅವರ ಮುಖ ನೋಡಿ. ಅರ್ಧ ವರದಿ ಅಲ್ಲೇ ಸಿಕ್ಕಿರುತ್ತದೆ.