ವ್ಯಾಪಾರದ ಮಾತು: ಪರದೇಶದ ಕ್ರೀಮೂ ಬಿಲ್ಲಿಲ್ಲದ ಮಾಲೂ



ಹೋದ ತಿಂಗಳು ಅಕ್ಕಲಕೋಟೆ ಕಡೆಯ ನಮ್ಮ ಸಮಾಜದ ತರುಣರೊಬ್ಬರು ಮನೆಗೆ ಬಂದಿದ್ದರು. ಅಜ್ಜನ ಕಾಲದಿಂದ ನಡೆದುಬಂದ ಬಳೆ, ಕುಂಕುಮ, ಸ್ನೋ-ಪೌಡರಿನ ಅಂಗಡಿ ಅವರದು. ಈಗ ಕಾಲೇಜಿನ ಹುಡುಗಿಯರು ಮೊಬೈಲಿನಲ್ಲಿ ಚಿತ್ರ ತೋರಿಸಿ ಕೊರಿಯಾ ದೇಶದ ಕ್ರೀಮನ್ನೇ ಕೇಳುತ್ತಾರಂತೆ. ಮುಂಬಯಿಯ ಒಬ್ಬ ಗೃಹಸ್ಥರು "ಐದು ಲಕ್ಷ ಹಾಕಿರಿ, ಮಾಲು ನೇರವಾಗಿ ತರಿಸಿಕೊಡುತ್ತೇನೆ, ಕಾಗದಪತ್ರವೆಲ್ಲ ನನಗೆ ಬಿಡಿರಿ" ಎಂದಿದ್ದಾರೆ. ಹಣಕ್ಕಾಗಿ ತಾಯಿಯ ಪಾಟಲಿ, ಬಿಲ್ವಾರ ಬ್ಯಾಂಕಿನಲ್ಲಿಡುವ ವಿಚಾರ ನಡೆದಿತ್ತು.

"ಕಾಕಾ, ಹಾಕಲೋ ಬ್ಯಾಡೋ, ಒಂದು ಮಾತು ಹೇಳ್ರಿ" ಎಂದರು.

"ಆ ಮಾಲಿನ ನೋಂದಣಿ ಯಾರ ಹೆಸರಿನಲ್ಲಿದೆ?" ಎಂದು ನಾನು ಕೇಳಿದೆ. ಅಂಥದೊಂದು ನೋಂದಣಿ ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ. ಅವರದೇನೂ ತಪ್ಪಲ್ಲ. ನಮ್ಮಲ್ಲಿ ಕಿರಾಣಿಯವರಿಗೆ ಆಹಾರದ ಲೈಸೆನ್ಸು ಗೊತ್ತು, ಔಷಧದ ಅಂಗಡಿಯವರಿಗೆ ಔಷಧದ ಲೈಸೆನ್ಸು ಗೊತ್ತು. ಸ್ನೋ-ಪೌಡರು ಮಾರುವವರನ್ನು ಯಾರೂ ಏನೂ ಕೇಳಿದ್ದಿಲ್ಲ. ಸೌಂದರ್ಯ ಪ್ರಸಾಧನವನ್ನು ಚಿಲ್ಲರೆ ಮಾರಲು ಔಷಧ ಕಾಯಿದೆಯ ಪ್ರಕಾರ ಲೈಸೆನ್ಸು ಬೇಕಿಲ್ಲ, ಅದು ನಿಜ. ಆದರೆ ಲೈಸೆನ್ಸು ಬೇಡವೆಂದರೆ ಹೊಣೆಯೂ ಇಲ್ಲವೆಂದು ತಿಳಿಯುವುದು ದೊಡ್ಡ ತಪ್ಪು. ಆ ತಪ್ಪನ್ನು ಈ ಅಂಕಣ ಬರೆಯುವವನೇ ಮಾಡಿದ್ದಾನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಾಯಿದೆಯ ಮಾತು. 1940ರ ಔಷಧ ಮತ್ತು ಪ್ರಸಾಧನ ಕಾಯಿದೆಯೇ ಇದಕ್ಕೆ ಮೂಲ. ಹೊರದೇಶದ ಪ್ರಸಾಧನಗಳಿಗೆ ನೋಂದಣಿ ಕಡ್ಡಾಯವಾಗಿ ಜಾರಿಗೆ ಬಂದದ್ದು 2013ರ ಏಪ್ರಿಲ್ 1ರಿಂದ. ಆಮೇಲೆ 2020ರ ಡಿಸೆಂಬರಿನಲ್ಲಿ ಪ್ರಸಾಧನಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಬಂತು. ಮೈಗೆ ಹಚ್ಚುವ, ತಿಕ್ಕುವ, ಸಿಂಪಡಿಸುವ, ಚಂದ ಕಾಣಲೆಂದು ಅಥವಾ ಶುಚಿಗೆಂದು ಬಳಸುವ ಎಲ್ಲವೂ ಇದರಲ್ಲಿ ಬರುತ್ತದೆ. ಸಾಬೂನು, ಶಾಂಪೂ, ಅತ್ತರು, ಕಾಡಿಗೆ, ತುಟಿಬಣ್ಣ ಯಾವುದೂ ಹೊರತಲ್ಲ. ಹಣಿಗೆ, ಕನ್ನಡಿಗೆ ಇದು ಹತ್ತುವುದಿಲ್ಲ. ಡಬ್ಬಿಯ ಮೇಲೆ "ಮೊಡವೆ ರೋಗ ವಾಸಿ", "ಬಿಳುಪು ಕಲೆ ವಾಸಿ" ಎಂದು ಬರೆದಿದ್ದರೆ ಅದು ಪ್ರಸಾಧನದ ಸಾಲು ಬಿಟ್ಟು ಔಷಧದ ಸಾಲಿಗೆ ಹೋಗುತ್ತದೆ. ಅಂಥದ್ದನ್ನು ಅಂಗಡಿಯಲ್ಲಿ ಇಡಲೇಬೇಡಿರಿ.

ತರಿಸುವವರು ಮೊದಲು ಹತ್ತು ಅಂಕಿಯ ಆಮದು-ರಫ್ತು ಸಂಕೇತ ಪಡೆಯಬೇಕು. ಇದು ಸುಲಭ, ಈಗ ಪ್ಯಾನ್ ನಂಬರೇ ಆ ಸಂಕೇತ. ಜಿ.ಎಸ್.ಟಿ. ನೋಂದಣಿ ಹೇಗೂ ಇರುತ್ತದೆ. ನಿಜವಾದ ಬೆಟ್ಟ ಮುಂದಿನದು. ದಿಲ್ಲಿಯ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಗೆ 'ಸುಗಮ್' ಎಂಬ ಗಣಕಜಾಲದ ಮೂಲಕ ಸಿ.ಓ.ಎಸ್.-1 ನಮೂನೆಯಲ್ಲಿ ಅರ್ಜಿ ಹಾಕಬೇಕು. ಒಪ್ಪಿಗೆಯಾದರೆ ಸಿಗುವುದು ಸಿ.ಓ.ಎಸ್.-2 ಎಂಬ ನೋಂದಣಿ ಪತ್ರ. (ಗಣಕದ ಹೆಸರು ಸುಗಮ್, ದಾರಿ ಅಷ್ಟೇನೂ ಸುಗಮವಲ್ಲ.) ತಯಾರಕ ಕಂಪನಿ ನಿಮಗೆ ಬರೆದುಕೊಟ್ಟ ಅಧಿಕಾರಪತ್ರ, ಆ ಮಾಲು ಅವರ ದೇಶದಲ್ಲಿ ಮುಕ್ತವಾಗಿ ಮಾರಾಟವಾಗುತ್ತದೆಂಬ ಪ್ರಮಾಣಪತ್ರ, ಒಳಗಿನ ಪದಾರ್ಥಗಳ ಪಟ್ಟಿ ಮತ್ತು ಪ್ರಮಾಣ, ಪರೀಕ್ಷೆಯ ವಿವರ, ಲೇಬಲ್ಲಿನ ಪ್ರತಿ, ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಲ್ಲವೆಂಬ ಘೋಷಣೆ, ಇಷ್ಟೆಲ್ಲ ಜೋಡಿಸಬೇಕು. ಕಂಪನಿ ಅಧಿಕಾರಪತ್ರ ಕೊಡದಿದ್ದರೆ ಅರ್ಜಿ ಹೆಜ್ಜೆ ಮುಂದಿಡುವುದಿಲ್ಲ. ಕೊರಿಯಾದ ಪೇಟೆಯಲ್ಲಿ ಚಿಲ್ಲರೆ ಕೊಂಡು ಪೆಟ್ಟಿಗೆ ತುಂಬಿ ತರುವವರ ಹತ್ತಿರ ಅಂಥ ಪತ್ರ ಎಲ್ಲಿಂದ ಬರಬೇಕು?

ಶುಲ್ಕವೂ ಡಾಲರಿನ ಲೆಕ್ಕದ್ದು. 2020ರ ನಿಯಮಾವಳಿಯಲ್ಲಿ ಮಾಲಿನ ಪ್ರತಿ ವರ್ಗಕ್ಕೆ 1000 ಡಾಲರು, ಅದರ ಪ್ರತಿ ಬಗೆಗೆ 50, ತಯಾರಾಗುವ ಪ್ರತಿ ಕಾರಖಾನೆಗೆ 500 ಎಂದು ಇಟ್ಟರು. ನಾಲ್ಕು ವರ್ಗದ ಮಾಲು, ಎರಡು ಕಾರಖಾನೆ ಎಂದರೆ ಬಗೆಗಳನ್ನು ಬಿಟ್ಟೇ 5000 ಡಾಲರು. ಇದರ ಮೇಲೆ ಕಸ್ಟಮ್ಸ್ ಸುಂಕ (2018ರ ಬಜೆಟ್ಟಿನಲ್ಲಿ ಶೇಕಡಾ 10ರಿಂದ 20ಕ್ಕೆ ಏರಿಸಿದ್ದರು), ಸುಂಕ ಸೇರಿದ ಮೊತ್ತದ ಮೇಲೆ ಜಿ.ಎಸ್.ಟಿ., ಬಂದರಿನ ಏಜಂಟರ ಖರ್ಚು. ಐದು ಲಕ್ಷದ ಬಂಡವಾಳದಲ್ಲಿ ಮಾಲು ಹಡಗು ಹತ್ತುವ ಮೊದಲೇ ಎಷ್ಟು ಕರಗುತ್ತದೆಂದು ನಮ್ಮ ತರುಣರಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತ ಕುಳಿತರು.

ನೋಂದಣಿ ಆಯಿತೆನ್ನಿರಿ. ಬಂದರಿನಲ್ಲಿ ಮತ್ತೆ ನೋಡುತ್ತಾರೆ. 'ಇಂಥ ತಿಂಗಳೊಳಗೆ ಬಳಸಿರಿ' ಎಂಬ ತಾರೀಖಿಗೆ ಮಾಲು ಇಳಿದ ದಿನದಿಂದ ಆರು ತಿಂಗಳಾದರೂ ಬಾಕಿ ಇರಬೇಕು. ಅಗ್ಗವೆಂದು ಹಳೇ ಮಾಲು ತರಿಸುವವರು ಸಿಕ್ಕಿಬೀಳುವುದು ಇಲ್ಲೇ. ಸೀಸ, ಶಂಖಪಾಷಾಣ ಸೇರಿಸಿದ ಬಣ್ಣ ಕೂಡದು. ಪಾದರಸ ಬೇಕೆಂದು ಬೆರೆಸಲೇಬಾರದು. ತಾನಾಗಿ ಬಂದು ಸೇರಿದರೂ ಕಣ್ಣಿಗೆ ಹಚ್ಚುವುದರಲ್ಲಿ ಹತ್ತು ಲಕ್ಷದಲ್ಲಿ 70 ಪಾಲು, ಉಳಿದವುಗಳಲ್ಲಿ ಒಂದೇ ಒಂದು ಪಾಲು ಮೀರಬಾರದು.

ಪಾದರಸದ ಮಾತು ಬಂದದ್ದಕ್ಕೆ ಕಾಸರಗೋಡು, ವಯನಾಡಿನ ನಮ್ಮ ವಾಚಕರಿಗೆ ನೆನಪಾಗಿರಬಹುದು. 2023ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಮುಖ ಬೆಳ್ಳಗಾಗುವ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ರೋಗ ಬಂದದ್ದನ್ನು ವೈದ್ಯರು ಪತ್ತೆ ಹಚ್ಚಿದರು. ಅದೇ ವರ್ಷ ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿ ಅಂಗಡಿ ತಪಾಸಣೆ ಮಾಡಿತು. ನಮ್ಮ ಮಹಾರಾಷ್ಟ್ರದ ಅಕೋಲೆಯಲ್ಲೂ ಒಂದೇ ಮನೆಯವರಿಗೆ ಇಂಥದೇ ಕ್ರೀಮಿನಿಂದ ಮೂತ್ರಪಿಂಡ ಕೆಟ್ಟ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಮುಖಕ್ಕೆ ಹಚ್ಚಿದ್ದು ಮುಖದ ಮೇಲಷ್ಟೇ ನಿಲ್ಲುವುದಿಲ್ಲ.

ಈಗ ನನ್ನ ಕಥೆ. ಇಪ್ಪತ್ತು ವರ್ಷದ ಕೆಳಗೆ ಒಬ್ಬ ಸೇಲ್ಸ್‌ಮನ್ ಪರದೇಶದ ಕ್ರೀಮೆಂದು ನಾಲ್ಕು ಡಜನ್ ಡಬ್ಬಿ ಇಟ್ಟುಹೋದ. ಬಿಲ್ಲು ಆಮೇಲೆ ಕಳಿಸುತ್ತೇನೆಂದ. ರೂಪಾಯಿಗೆ ನಾಲ್ಕಾಣೆ ಲಾಭ, ನಾನೂ ಒತ್ತಾಯ ಮಾಡಲಿಲ್ಲ. ತಿಂಗಳ ಮೇಲೆ ನಮ್ಮ ಓಣಿಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಮದುವೆ ಗೊತ್ತಾದ ಹುಡುಗಿ, ಕೆನ್ನೆಯ ಚರ್ಮ ಸುಟ್ಟಂತೆ ಸುಲಿದಿತ್ತು. ಆ ತಾಯಿ ಜಗಳವಾಡಲಿಲ್ಲ. "ನಿಮ್ಮ ಅಂಗಡ್ಯಾಂದು ಅಂತ ಕಣ್ಣುಮುಚ್ಚಿ ತಗೊಂಡ್ವಿ ಅಣ್ಣಾರ" ಎಂದಷ್ಟೇ ಅಂದರು. ಎಂಟು ದಿನಕ್ಕೆ ಇನ್‌ಸ್ಪೆಕ್ಟರು ಬಂದು ನಮೂನೆ ತೆಗೆದುಕೊಂಡು, ಮಾಲು ಯಾರಿಂದ ಬಂತು, ಹೆಸರು ವಿಳಾಸ ಹೇಳಿರಿ ಎಂದರು. ಕಾಯಿದೆಯ 18-ಎ ಕಲಮಿನಂತೆ ಹಾಗೆ ಕೇಳಿದಾಗ ಹೇಳಲೇಬೇಕು. ನನ್ನಲ್ಲಿದ್ದದ್ದು ಒಂದು ಅಡ್ಡಹೆಸರು ಮಾತ್ರ. ಮೂರು ವರ್ಷ ಕೋರ್ಟಿನ ತಾರೀಖು ತಿರುಗಿದೆ. ಹುಡುಗಿಯ ಮದುವೆ ಒಂದು ವರ್ಷ ಮುಂದೆ ಹೋಯಿತು. ಇಂದಿಗೂ ಆ ಮನೆಯ ಮುಂದೆ ಹೋಗುವಾಗ ನನ್ನ ತಲೆ ತಾನಾಗಿ ಬಗ್ಗುತ್ತದೆ.

ಅದೇ ಕಾಯಿದೆಯ 19ನೇ ಕಲಮು ಪ್ರಾಮಾಣಿಕ ಅಂಗಡಿಯವನಿಗೆ ಆಸರೆ ಕೊಡುತ್ತದೆ. ಮಾಲನ್ನು ಸರಿಯಾದ ವ್ಯಾಪಾರಿಯಿಂದ ಕೊಂಡದ್ದು, ಅದರ ದೋಷ ತನಗೆ ತಿಳಿದಿರಲಿಲ್ಲ, ತಿಳಿಯುವ ಸಾಧ್ಯತೆಯೂ ಇರಲಿಲ್ಲ, ತಂದಂತೆಯೇ ಜೋಪಾನವಾಗಿ ಇಟ್ಟಿದ್ದೆ ಎಂದು ತೋರಿಸಿಕೊಟ್ಟರೆ ಅವನು ಪಾರಾಗಬಹುದು. ತೋರಿಸುವುದು ಬಾಯಿಂದಲ್ಲ, ಬಿಲ್ಲಿನಿಂದ. ಖೋಟಾ ಪ್ರಸಾಧನ ಮಾರಿದವನಿಗಾದರೋ ಮೂರು ವರ್ಷದವರೆಗೆ ಸೆರೆಮನೆಯ ಅವಕಾಶವಿದೆ.

ಆದ್ದರಿಂದ ಮಾಲು ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಿರಿ. ಆಮದು ಮಾಡಿದವರ ಹೆಸರು, ವಿಳಾಸ, 'ಆರ್.ಸಿ.' ಎಂದು ಮೊದಲಾಗುವ ನೋಂದಣಿ ನಂಬರು, ಬ್ಯಾಚ್ ನಂಬರು, ಬಳಸುವ ಕೊನೆಯ ತಿಂಗಳು, ತಯಾರಾದ ದೇಶ, ಗರಿಷ್ಠ ಬೆಲೆ, ದೂರಿಗೆ ಫೋನು ಇವೆಲ್ಲ ಇರಬೇಕು. ಬೆಲೆ-ತೂಕದ ವಿವರ ತೂಕ-ಅಳತೆ ಕಾನೂನಿನಂತೆ ಹಿಂದಿ ಇಲ್ಲವೆ ಇಂಗ್ಲಿಷಿನಲ್ಲಿ ಇರಲೇಬೇಕು. ಜೊತೆಗೆ ಕನ್ನಡ ಹಾಕಿದರೆ ಅಡ್ಡಿಯಿಲ್ಲ, ಆದರೆ ಹಾಕುವವರು ಯಾರು! ಬರೀ ಕೊರಿಯಾದ ಅಕ್ಷರವಿದ್ದು ಸ್ಟಿಕ್ಕರು ಇಲ್ಲದಿದ್ದರೆ ಅದು ಯಾರದೋ ಬ್ಯಾಗಿನಲ್ಲಿ ಬಂದದ್ದೆಂದು ತಿಳಿಯಿರಿ. ಸ್ವಂತ ಬಳಕೆಗೆ ಅಷ್ಟಿಷ್ಟು ತರಲು ಅಡ್ಡಿಯಿಲ್ಲ, ಅದನ್ನು ಕಪಾಟಿನಲ್ಲಿಟ್ಟು ಮಾರುವಂತಿಲ್ಲ.

ನಮ್ಮ ಮನೆಗಳವರು ವಿಶೇಷವಾಗಿ ಗಮನಿಸಬೇಕಾದ ಒಂದು ಮಾತಿದೆ. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಪ್ರಸಾಧನದ ಆಮದನ್ನು ಸರಕಾರ 2014ರ ನವೆಂಬರಿನಿಂದ ನಿಷೇಧಿಸಿದೆ. ಸಂತೋಷದ ಸಂಗತಿ. ಆದರೆ ಪರೀಕ್ಷೆ ಬೇರೆ, ಪದಾರ್ಥ ಬೇರೆ. ಡಬ್ಬಿಯ ಮೇಲೆ ಮೊಲದ ಚಿತ್ರವಿದೆಯೆಂದು ಒಳಗಿನದು ಅಹಿಂಸೆಯ ಮಾಲೆಂದು ಗಿರಾಕಿಗೆ ಹೇಳಬೇಡಿರಿ. ಕೆಂಪು ತುಟಿಬಣ್ಣದಲ್ಲಿ 'ಕಾರ್ಮೈನ್' ಅಥವಾ 'ಸಿ.ಐ. 75470' ಎಂದಿದ್ದರೆ ಅದು ಕೊಚಿನೀಲ್ ಎಂಬ ಹುಳವನ್ನು ಒಣಗಿಸಿ ತೆಗೆದ ಬಣ್ಣ. ಸಾಬೂನಿನಲ್ಲಿ 'ಸೋಡಿಯಂ ಟ್ಯಾಲೋವೇಟ್' ಎಂದರೆ ಪ್ರಾಣಿಯ ಕೊಬ್ಬು. 'ಲ್ಯಾನೊಲಿನ್' ಕುರಿಯ ಉಣ್ಣೆಯದು. 'ಸ್ಕ್ವಾಲೇನ್' ಆಲಿವ್ ಎಣ್ಣೆಯಿಂದಲೂ ಬರುತ್ತದೆ, ಶಾರ್ಕ್ ಮೀನಿನ ಪಿತ್ತಜನಕಾಂಗದಿಂದಲೂ ಬರುತ್ತದೆ, ಕಂಪನಿಗೆ ಕೇಳಿದ ಹೊರತು ತಿಳಿಯದು. ಇವು ಯಾವುವೂ ಕಾಯಿದೆಗೆ ವಿರುದ್ಧವಲ್ಲ. ಮಾರುವುದು ಬಿಡುವುದು ನಿಮ್ಮ ನಿಮ್ಮ ಮನೆಯ ವಿಚಾರ, ಆದರೆ ಪಟ್ಟಿಯನ್ನು ಓದಿಯಾದರೂ ನಿರ್ಧರಿಸಿರಿ. ನಮ್ಮ ಮನೆಯ ಸೊಸೆ ಓದಿದ ಮೇಲೆ ಎರಡು ತುಟಿಬಣ್ಣ ಕಪಾಟಿನಿಂದ ಕೆಳಗಿಳಿದವು.

ತರುಣರು ಊರಿಗೆ ಹೋಗಿ ಮುಂಬಯಿಯ ಗೃಹಸ್ಥರಿಗೆ ಫೋನು ಮಾಡಿ ನೋಂದಣಿ ಪತ್ರದ ನಕಲು ಕೇಳಿದರಂತೆ. "ಪ್ರೊಸೆಸ್‌ನಲ್ಲಿದೆ" ಎಂಬ ಉತ್ತರ ಬಂತು. ಮರುದಿನ ಕೇಳಿದಾಗಲೂ ಅದೇ ಉತ್ತರ, ಮೂರನೆಯ ದಿನ ಫೋನೇ ಎತ್ತಲಿಲ್ಲ. ಈಗ ಅವರು ನೋಂದಣಿಯುಳ್ಳ ಆಮದುದಾರರ ಸೋಲಾಪುರದ ಸ್ಟಾಕಿಸ್ಟರಿಂದ ಮೂರೇ ಬಗೆಯ ಕ್ರೀಮನ್ನು ಪಕ್ಕಾ ಬಿಲ್ಲಿನ ಮೇಲೆ ತಂದಿಟ್ಟಿದ್ದಾರೆ. ಹೂಡಿದ್ದು ಹದಿನೆಂಟು ಸಾವಿರ. ಲಾಭ ಕಡಿಮೆಯೆಂದು ಗೊಣಗಿದರು. ಪಾಟಲಿ ಏನು ಮಾಡಿದಿರಿ ಎಂದು ಕೇಳಿದೆ. "ಅವ್ವನ ಕೈಯಾಗ ಅದಾವ್ರಿ ಕಾಕಾ" ಎಂದರು.

ಮುಂದಿನ ತಿಂಗಳು ಜತ್ತಿನ ವಾಚಕರೊಬ್ಬರು ಕೇಳಿರುವ ಉದ್ರಿ ವಸೂಲಿಯ ಪ್ರಶ್ನೆ ಎತ್ತಿಕೊಳ್ಳೋಣ.