ಝೆಡ್ ಡ್ರೈವ್ ಮೇಲಿನ ಕೆಂಪು ಗುರುತು

ಸಣ್ಣ ಆಫೀಸಿನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು ಈ ಗೋಳು. ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಜ್ಜುಗುಜ್ಜಾಗಿ ಥಾಣೆ ತಲುಪಿ, ಉಸ್ಸಪ್ಪಾ ಎಂದು ಕುರ್ಚಿಗೆ ಕೂತರೆ 'ಝೆಡ್' ಡ್ರೈವ್ ಮೇಲೆ ಕೆಂಪು ಗುರುತು! ಬಿಲ್ಲು, ಲೆಡ್ಜರು ಎಲ್ಲಾ ಸರ್ವರ್‌ನಲ್ಲಿ, ನಾವು ಹೊರಗೆ.

ಮೊನ್ನೆ ವಾಗ್ಳೆ ಎಸ್ಟೇಟಿನ ಪರಿಚಯದವರ ಆಫೀಸಿನಲ್ಲಿ ಹೀಗೇ ಆಯಿತು. ಹೊಸದಾಗಿ ತಂದ ಎರಡು ವಿಂಡೋಸ್ 11 ಕಂಪ್ಯೂಟರುಗಳಲ್ಲಿ ಡ್ರೈವ್ ತೆರೆಯಲೇ ಇಲ್ಲ. ರಿಪೇರಿಗೆ ಬಂದ ಹುಡುಗ ಫೈರ್‌ವಾಲ್ ಬಂದ್ ಮಾಡಿದ, ಹಳೆಯ ಎಸ್‌ಎಂಬಿ-1 ಆನ್ ಮಾಡಿದ, "ಹೋ ಗಯಾ ಅಂಕಲ್" ಅಂದ. ಹತ್ತೇ ನಿಮಿಷ. ಎಲ್ಲರಿಗೂ ಖುಷಿ, ನನಗೆ ಮಾತ್ರ ಎದೆ ಧಸಕ್ಕೆಂದಿತು.

ಯಾಕೆ ಅಂತೀರಾ? 2017ರ ಮೇ ತಿಂಗಳಲ್ಲಿ ವಾನಾಕ್ರೈ, ಜೂನ್‌ನಲ್ಲಿ ನಾಟ್‌ಪೆಟ್ಯಾ ಹಬ್ಬಿದ್ದಕ್ಕೆ ಈ ಎಸ್‌ಎಂಬಿ-1ರ ತೂತೂ ಒಂದು ದಾರಿ. ನಾಟ್‌ಪೆಟ್ಯಾ ಮೆರ್ಸ್ಕ್ ಸಮೂಹವನ್ನು ಹೊಕ್ಕಾಗ ನವಿ ಮುಂಬಯಿ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ಅದರ ಟರ್ಮಿನಲ್ ಕೆಲಸವೇ ನಿಂತಿತ್ತು. ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ನಿಜ. ಆದರೆ ಅಪ್‌ಡೇಟ್ ಕಾಣದ ಹಳೇ ಕಂಪ್ಯೂಟರ್ ಒಂದಾದರೂ ಇಲ್ಲದ ಆಫೀಸು ನಮ್ಮಲ್ಲಿ ಎಷ್ಟಿವೆ ಹೇಳಿ?

ಸರಿಯಾದ ದಾರಿ ಕಷ್ಟದ್ದೇನಲ್ಲ ಮಾರಾಯ್ರೆ. ಮೊದಲು ಆ ಡ್ರೈವ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. ನೆಟ್‌ವರ್ಕ್ ಸಿದ್ಧವಾಗುವ ಮೊದಲೇ ಲಾಗಿನ್ ಆದರೂ ಕೆಂಪು ಗುರುತು ಬರುತ್ತದೆ. ಆಗಲಿಲ್ಲವೇ, ಸರ್ವರ್ ಹೆಸರಿಗೆ ಪಿಂಗ್ ಮಾಡಿ, ಆಮೇಲೆ ಅದರ ಐಪಿ ನಂಬರಿಗೆ. ನಂಬರಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ತೊಂದರೆ ಹೆಸರು ಹುಡುಕುವಲ್ಲಿದೆ. ಪಾಸ್‌ವರ್ಡ್ ಬದಲಾಗಿದ್ದರೆ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಕೂತಿರುವ ಹಳೆಯದನ್ನು ತೆಗೆಯಿರಿ. 1219 ಎಂಬ ಎರರ್ ಬಂದರೆ ಒಂದೇ ಸರ್ವರ್‌ಗೆ ಎರಡು ಯೂಸರ್ ಹೆಸರಲ್ಲಿ ಹೋಗುತ್ತಿದ್ದೀರಿ ಎಂದರ್ಥ. 'ನೆಟ್ ಯೂಸ್' ಕೊಟ್ಟು ನೋಡಿ, ಹಳೆಯ ಸಂಪರ್ಕ ಕಡಿಯಿರಿ. ಪ್ರವೇಶವಿಲ್ಲ ಅಂದರೆ ಶೇರ್ ಅನುಮತಿ, ಫೋಲ್ಡರ್ ಅನುಮತಿ ಎರಡನ್ನೂ ನೋಡಬೇಕು. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಬೇರೆಡೆಯ ಡ್ರೈವ್ ತೆರೆಯಲು ನಮ್ಮ ಕಂಪ್ಯೂಟರಿನ ಫೈರ್‌ವಾಲ್ ಸಾಮಾನ್ಯವಾಗಿ ಅಡ್ಡ ಬರುವುದೇ ಇಲ್ಲ. ಹುಡುಗ ಅದನ್ನು ಸುಮ್ಮನೆ ಬಂದ್ ಮಾಡಿದ್ದ!

ಕೊನೆಗೆ ಅವನನ್ನೇ ಕೂರಿಸಿಕೊಂಡು ಎಲ್ಲವನ್ನೂ ಮೊದಲಿನಂತೆ ಮಾಡಿದೆವು. ಸರ್ವರ್ ಅಂತ ಇದ್ದದ್ದು ಫೈಲ್ ಇಡುವ ಒಂದು ಹಳೆಯ ಡಬ್ಬಿ. ಅದರ ಸೆಟ್ಟಿಂಗಿನಲ್ಲೇ ಎಸ್‌ಎಂಬಿ-2 ಇತ್ತು, ಇಷ್ಟು ವರ್ಷ ಯಾರೂ ಆನ್ ಮಾಡಿರಲಿಲ್ಲ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ತೆಗೆದು ಒಬ್ಬೊಬ್ಬರಿಗೂ ಒಂದು ಹೆಸರು ಕೊಟ್ಟೆವು. ಒಂದೂವರೆ ಗಂಟೆ ಹಿಡಿಯಿತು, ಅಷ್ಟೇ.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಕಲ್ಯಾಣ್‌ನಿಂದ ವಾಶಿವರೆಗೆ ದಿನಕ್ಕೆ ಹತ್ತು ಕಡೆ ಓಡುವವನು ಅವನು. "ಬೇಗ ಮುಗಿಸಪ್ಪ" ಅಂತ ತಲೆ ಮೇಲೆ ನಿಲ್ಲುವವರು ನಾವು; ಒಂದೂವರೆ ಗಂಟೆಯ ಕೆಲಸಕ್ಕೆ ಹತ್ತು ನಿಮಿಷದ ದುಡ್ಡು ಕೊಡುವವರೂ ನಾವೇ. ಮನೆ ಬೀಗದ ಕೈ ಕಳೆದರೆ ಬಾಗಿಲನ್ನೇ ಕಿತ್ತಿಡುತ್ತೇವಾ? ನಾಳೆ ಆಫೀಸಿಗೆ ಹೋದಾಗ ನಿಮ್ಮ ಬಾಗಿಲು ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.